ಬಂದು ಕುಡೀತೀನಿ

ಇಂಥ ಸಂಗತಿಗಳನ್ನು ಬೇರೆಯವರು ಹೇಳುವಾಗ ನಾನು ಒಳಗೊಳಗೇ ನಗುತ್ತಿದ್ದವಳು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಓದಿದ್ದು ಭದ್ರಾವತಿಯ ಒಂದು ಕಾನ್ವೆಂಟಿನಲ್ಲಿ. ಬೆಕ್ಕು ಅಡ್ಡ ಬಂತೆಂದು ತಡವಾಗಿ ಬಂದ ಹುಡುಗಿಯನ್ನು ನಮ್ಮ ಸಿಸ್ಟರ್ ಬಾಗಿಲಲ್ಲೇ ನಿಲ್ಲಿಸಿ, "ಬೆಕ್ಕಿಗೂ ಸ್ಕೂಲ್ ಬೆಲ್ಲಿಗೂ ಏನು ಸಂಬಂಧ?" ಎಂದು ಮೆತ್ತಗೆ ಕೇಳುತ್ತಿದ್ದರು. ಆ ಪ್ರಶ್ನೆ ನನಗೆ ಬಹಳ ಹಿಡಿಸಿತ್ತು. ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ಮೇಲೂ ಅದು ನನ್ನ ಜೊತೆಗೇ ಬಂತು. ದೀಪ ಹಚ್ಚಿದ ಮೇಲೆ ಕಸ ಹೊರಗೆ ಹಾಕಬಾರದು, ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳಬಾರದು, ಹೋಗ್ತೀನಿ ಅನ್ನದೆ ಹೋಗಿ ಬರ್ತೀನಿ ಅನ್ನಬೇಕು ಎಂದು ಅತ್ತೆ ಹೇಳಿದ್ದನ್ನೆಲ್ಲ ನಾನು ನಡೆಸಿಕೊಂಡು ಬಂದಿದ್ದೇನೆ. ನಂಬಿಕೆಯಿಂದಲ್ಲ, ಅವರ ಮನಸ್ಸಿಗೆ ಬೇಜಾರಾಗದಿರಲಿ ಎಂದು.

ಕೆಲವು ವರ್ಷಗಳ ಹಿಂದೆ ನಾನೂ ನಮ್ಮ ಮನೆಯವರೂ ಸ್ವಿಟ್ಜರ್‌ಲೆಂಡಿಗೆ ಹೋಗಿಬಂದದ್ದು ನೆಂಟರಿಷ್ಟರಿಗೆಲ್ಲ ಗೊತ್ತು. ಫೋಟೋ ನೋಡಿದ್ದಾರೆ, ತಂದ ಚಾಕೊಲೇಟು ತಿಂದಿದ್ದಾರೆ. "ಹೇಗಿತ್ತು?" ಎಂದು ಕೇಳಿದವರಿಗೆಲ್ಲ "ತುಂಬಾ ಚೆನ್ನಾಗಿತ್ತು" ಎಂದೇ ಹೇಳಿದ್ದೇನೆ. ಅದು ಸುಳ್ಳಲ್ಲ. ಆದರೆ ಹೇಳದೆ ಉಳಿಸಿಕೊಂಡದ್ದು ಒಂದಿದೆ. ನೀವು ನನ್ನನ್ನು ಕಾಣದವರು, ನಾನು ನಿಮ್ಮನ್ನು ಕಾಣದವಳು. ಆ ಧೈರ್ಯದಿಂದ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಯವರು ನಿವೃತ್ತರಾದ ಮೊದಲ ಬೇಸಿಗೆ ಅದು. ಶಿವಮೊಗ್ಗ, ಭದ್ರಾವತಿ ಕಡೆಯವರೇ ಹೆಚ್ಚಾಗಿದ್ದ ಒಂದು ಟೂರಿಗೆ ಹೆಸರು ಕೊಟ್ಟಿದ್ದೆವು. ಅತ್ತೆಯ ಜೊತೆಗಿರಲು ನಾದಿನಿ ವಸುಧಾ ಭದ್ರಾವತಿ ಓಲ್ಡ್ ಟೌನಿನಿಂದ ಹಿಂದಿನ ದಿನವೇ ಬಂದಿದ್ದಳು. ಅತ್ತೆ ಪ್ರೈಮರಿ ಶಾಲೆಯ ಟೀಚರಾಗಿದ್ದವರು. ಎಂಬತ್ತರ ಹತ್ತಿರವಿದ್ದರೂ ಪೇಪರಿನಲ್ಲಿ ತಪ್ಪಕ್ಷರ ಕಂಡರೆ ಪೆನ್ನಿನಿಂದ ಸುತ್ತು ಹಾಕಿ ಪಕ್ಕದಲ್ಲಿ ಸರಿ ಅಕ್ಷರ ಬರೆಯುತ್ತಿದ್ದರು. ಮಂಡಿ ಮಾತ್ರ ಹಿಡಿದುಹೋಗಿ, ನೆಲದ ಮೇಲೆ ಕೂರುವುದನ್ನೂ ಬಗ್ಗುವುದನ್ನೂ ಬಿಟ್ಟು ವರ್ಷಗಳಾಗಿದ್ದವು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಮುಂದಿನದನ್ನು ಓದಿ ನೀವು ವಯಸ್ಸಾದವರ ಮರೆವು ಎಂದು ತಳ್ಳಿಹಾಕಬಾರದು.

ಬೆಳಿಗ್ಗೆ ಕಾರು ಹತ್ತಿದೆವು. "ಹೋಗಿ ಬರ್ತೀವಿ" ಎಂದು ಹೇಳಿಯೇ ಹೊರಟೆವು. ಕಾರು ಸರ್ಕಲ್ಲಿನ ಹತ್ತಿರ ಬಂದಾಗ ನನಗೆ ಚಟ್ನಿಪುಡಿಯ ಚೀಲ ನೆನಪಾಯಿತು. ಚಟ್ನಿಪುಡಿ, ಮೆಂತ್ಯದ ಹಿಟ್ಟು, ಹುರಿದ ಅವಲಕ್ಕಿ ಎಲ್ಲವನ್ನೂ ಪೊಟ್ಟಣ ಕಟ್ಟಿ ಅಡುಗೆಕಟ್ಟೆಯ ಮೇಲೆ ಬಿಟ್ಟು ಬಂದಿದ್ದೆ. ಗಾಡಿ ತಿರುಗಿಸಿ ಎಂದೆ.

"ಪಾಸ್‌ಪೋರ್ಟ್ ಮರೆತಿದ್ರೂ ನೀನು ಇಷ್ಟು ಗಾಬರಿ ಆಗ್ತಿರ್ಲಿಲ್ಲ" ಎಂದರು ನಮ್ಮ ಮನೆಯವರು.

ನಾನೊಬ್ಬಳೇ ಇಳಿದು ಒಳಗೆ ಓಡಿದೆ. ಅಡುಗೆಮನೆ ಬಾಗಿಲ ಪಕ್ಕದಲ್ಲಿ ನಮ್ಮದೊಂದು ಗಿಡ್ಡ ಬೆಂಚಿದೆ. ನಾನು ಚೀಲ ಎತ್ತಿಕೊಂಡು ಹೊರಬರುವಷ್ಟರಲ್ಲಿ ಅತ್ತೆ ಅದರ ಒಂದು ತುದಿಯಲ್ಲಿ ಸ್ಟೀಲ್ ಲೋಟದಲ್ಲಿ ನೀರು ತಂದಿಟ್ಟು ನಿಂತಿದ್ದರು.

"ಕೂತ್ಕೊಂಡು ಒಂದು ಗುಟುಕು ಕುಡಿದು ಹೋಗೇ. ಹೊರಟೋರು ವಾಪಸ್ ಬಂದ್ರೆ ಹಾಗೇ ಹೋಗ್ಬಾರ್ದು."

ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇರುವ ಪದ್ಧತಿಯೇ. ಒಂದು ಸಲ ಹೊಸಿಲು ದಾಟಿದವರು ಏನೋ ಮರೆತು ತಿರುಗಿ ಬಂದರೆ, ಕೂತು, ನೀರು ಕುಡಿದು, ಮತ್ತೆ ಹೊಸದಾಗಿ ಹೊರಡಬೇಕು. ಬೇರೆ ದಿನವಾಗಿದ್ದರೆ ಕುಡಿದೇ ಹೋಗುತ್ತಿದ್ದೆ. ಆದರೆ ಹೊರಗೆ ಡ್ರೈವರ್ ಹಾರನ್ ಹೊಡೆಯುತ್ತಿದ್ದ. ಬೆಂಗಳೂರಿನ ಟ್ರಾಫಿಕ್ಕಿನ ಚಿಂತೆ ಬೇರೆ. ನಡೆಯುತ್ತಲೇ, ನಗುತ್ತಲೇ ಹೇಳಿದೆ: "ಬಂದು ಕುಡೀತೀನಿ ಅತ್ತೆ."

ಅತ್ತೆ ನಗಲಿಲ್ಲ. "ಹಾಗಂದ್ಯಾ" ಎಂದರು, ಅಷ್ಟೇ. ಕಾರು ತಿರುಗುವಾಗ ನೋಡಿದರೆ ಅವರು ಬಾಗಿಲಲ್ಲಿ ನಿಂತು ರಸ್ತೆ ಕಡೆ ನೋಡುವುದನ್ನು ಬಿಟ್ಟು ಮನೆಯ ಒಳಗಡೆ ನೋಡುತ್ತಿದ್ದರು.

ಹೊಸ ದೇಶಕ್ಕೆ ಹೋದ ಮೊದಲ ದಿನ ಮನಸ್ಸಿಗೆ ಏನಾಗುತ್ತದೆ ಎಂಬುದನ್ನು ಹೋಗಿ ಬಂದವರು ಸರಿಯಾಗಿ ಹೇಳುವುದಿಲ್ಲ. ಬೆಟ್ಟ, ಸರೋವರ, ರೈಲು ಎನ್ನುತ್ತಾರೆ. ನನಗೆ ಮೊದಲು ಕಂಡದ್ದು ಸದ್ದಿಲ್ಲದಿರುವುದು. ಕಿಟಕಿಗಳಲ್ಲಿ ಕೆಂಪು ಹೂವಿನ ಕುಂಡ, ಒಳಗೆ ಇಸ್ತ್ರಿ ಮಾಡಿದಂಥ ಬಿಳಿ ಪರದೆ, ಮನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ನಾನು ಹುಟ್ಟಿ ಬೆಳೆದ ಭದ್ರಾವತಿ ಕಾಗದನಗರದ ಪೇಪರ್ ಮಿಲ್ ಕ್ವಾರ್ಟರ್ಸ್ ನೆನಪಾಯಿತು. ಅಲ್ಲೂ ಸಾಲು ಸಾಲು ಒಂದೇ ಥರದ ಮನೆ. ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಒಂದು ಸಲ ನಿದ್ದೆಗಣ್ಣಲ್ಲಿ ಪಕ್ಕದ ಸಾಲಿನ ಮನೆಗೆ ಹೋಗಿ ಚಪ್ಪಲಿ ಬಿಟ್ಟು ಕೂತಿದ್ದರಂತೆ. ಆ ಮನೆಯ ತಮಿಳು ಅಮ್ಮ ಏನೂ ಮಾತಾಡದೆ ಕಾಫಿ ಕೊಟ್ಟು ಕಳಿಸಿದರೆಂದು ಅಮ್ಮ ಹೇಳಿ ಹೇಳಿ ನಗುತ್ತಿದ್ದಳು.

ಈ ಹೊಸ ದೇಶದಲ್ಲಿ ಯಾರ ಮನೆಗೂ ತಪ್ಪಿ ಹೋಗುವಂತಿರಲಿಲ್ಲ. ನನ್ನನ್ನು ಅರಿತವರು ಯಾರೂ ಇಲ್ಲ. ಇಂಥವರ ಹೆಂಡತಿ, ಇಂಥವರ ಸೊಸೆ, ಇಂಥವರ ಅಮ್ಮ ಎಂದು ಒಬ್ಬರೂ ನೋಡುವುದಿಲ್ಲ. ಮೊದಲ ದಿನ ಅದು ಹಿತವಾಗಿತ್ತು. ಬೆನ್ನ ಮೇಲಿನ ಹೊರೆ ಇಳಿಸಿದ ಹಾಗೆ ಮೈ ಹಗುರಾಗಿತ್ತು. ಆ ಹಗುರ ಇನ್ನೆಂಥದೋ ಆಗಿರಬಹುದೆಂದು ನನಗೆ ಆಮೇಲೆ ಅನ್ನಿಸಿತು.

ಹೋಟೆಲಿನ ಗಾಜಿನ ಬಾಗಿಲು ಹತ್ತಿರ ಹೋದರೆ ತಾನೇ ತೆರೆದುಕೊಳ್ಳುವಂಥದ್ದು. ನಾನು ಮುಂದೆ ನಿಂತೆ, ತೆರೆಯಲಿಲ್ಲ. ಹಿಂದೆ ಸರಿದು ಮತ್ತೆ ಹೋದೆ, ಆಗಲೂ ತೆರೆಯಲಿಲ್ಲ. ಹಿಂದಿನಿಂದ ನಮ್ಮ ಮನೆಯವರು ಸೂಟ್‌ಕೇಸ್ ಎಳೆದುಕೊಂಡು ಬಂದಾಗ ಸರಕ್ಕನೆ ತೆರೆಯಿತು. ಇಬ್ಬರೂ ನಕ್ಕೆವು. ಇಂಥ ಬಾಗಿಲು ಕೆಟ್ಟಿರುವುದು ಏನು ದೊಡ್ಡ ವಿಷಯ.

ಮಾರನೆಯ ದಿನ ಬಸ್ಸು ಹೊರಡುವಾಗ ಗೈಡ್ ಶೆಟ್ಟರು ತಲೆ ಎಣಿಸಿದರು. ಉಡುಪಿ ಕಡೆಯವರು, ಈ ಕೆಲಸದಲ್ಲೇ ಕೂದಲು ಹಣ್ಣಾದವರು. "ಒಬ್ಬರು ಕಮ್ಮಿ" ಎಂದರು. ಮತ್ತೆ ಎಣಿಸಿದರು. ಮತ್ತೆ ಒಬ್ಬರು ಕಮ್ಮಿ. ಯಾರ ಪಕ್ಕದ ಸೀಟು ಖಾಲಿ ಇದೆ ಎಂದು ಕೇಳಿದರು. ಎಲ್ಲರ ಪಕ್ಕದಲ್ಲೂ ಜನ ಇದ್ದರು. ಕೊನೆಗೆ ಒಬ್ಬೊಬ್ಬರ ಹೆಸರು ಕೂಗಿದರು. ನಾನು "ಇದೀನಿ" ಎಂದಾಗ ಅವರು ನನ್ನನ್ನು ಆಗ ತಾನೇ ಕಂಡವರ ಹಾಗೆ ನೋಡಿದರು.

ಹಿಂದಿನ ಸೀಟಿನಲ್ಲಿ ಹೊಳೆಹೊನ್ನೂರಿನ ಶಾರದಕ್ಕ ಕೂತಿದ್ದರು. ಅಡಿಕೆ ಮಂಡಿಯವರ ಮನೆಯವರು, ಮೈಕೈ ತುಂಬಿಕೊಂಡ ಹೆಂಗಸು. "ನೀವು ಅಷ್ಟು ತೆಳ್ಳಗಿದ್ರೆ ಲೆಕ್ಕಕ್ಕೆ ಸಿಗ್ತೀರಾ ಮಾರಾಯ್ತಿ? ನನ್ನನ್ನ ಕೇಳಿ, ಎರಡು ಸಲ ಎಣಿಸಿರ್ತಾರೆ" ಎಂದರು. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಅದರ ಮಾರನೆಯ ದಿನವೂ ಒಬ್ಬರು ಕಮ್ಮಿಯಾದಾಗ ಶಾರದಕ್ಕ ತಮಾಷೆ ಮಾಡಲಿಲ್ಲ.

ಇದರ ಜೊತೆಗೆ ಒಂದು ಬಾಯಾರಿಕೆ ಶುರುವಾಗಿತ್ತು. ಆ ಊರುಗಳಲ್ಲಿ ಅಲ್ಲಲ್ಲಿ ಕಲ್ಲಿನ ತೊಟ್ಟಿಗೆ ಸಣ್ಣ ನಲ್ಲಿಯಿಂದ ಬೆಟ್ಟದ ನೀರು ಸದಾ ಬೀಳುತ್ತಿರುತ್ತದೆ. ಯಾರು ಬೇಕಾದರೂ ಕುಡಿಯಬಹುದು. ಎಲ್ಲರೂ ಬಾಟಲಿ ತುಂಬಿಸಿಕೊಂಡು, ಎಂಥ ಸಿಹಿ ನೀರು ಎಂದು ಕೊಂಡಾಡುತ್ತಿದ್ದರು. ನನಗೆ ಅದರಲ್ಲಿ ರುಚಿಯೂ ಸಿಗಲಿಲ್ಲ, ತಂಪೂ ಸಿಗಲಿಲ್ಲ. ಬಾಟಲಿಗಟ್ಟಲೆ ಕುಡಿದೆ. ನೀರು ಗಂಟಲಲ್ಲಿ ಇಳಿಯುವುದು ಗೊತ್ತಾಗುತ್ತಿತ್ತು, ಗಂಟಲು ಮಾತ್ರ ಒಣಗಿಯೇ ಇರುತ್ತಿತ್ತು. ಸಕ್ಕರೆ ಕಾಯಿಲೆ ಇರಬಹುದು, ಊರಿಗೆ ಹೋದ ಕೂಡಲೇ ರಕ್ತ ಪರೀಕ್ಷೆ ಮಾಡಿಸಬೇಕು ಎಂದುಕೊಂಡೆ. ಅದೂ ಸರಿಯಾದ ಯೋಚನೆಯೇ. ಆಗಿನ್ನೂ ನಾನು ಸಿಸ್ಟರ್ ಕೇಳಿದ ಹಾಗೆ ಪ್ರಶ್ನೆ ಕೇಳಿಕೊಳ್ಳುತ್ತಿದ್ದೆ.

ಮೂರೂವರೆ ಗಂಟೆ ವ್ಯತ್ಯಾಸ. ನಾವು ಬೆಳಿಗ್ಗೆ ತಿಂಡಿ ತಿನ್ನುವಾಗ ಶಿವಮೊಗ್ಗದಲ್ಲಿ ಹನ್ನೆರಡು ದಾಟಿರುತ್ತಿತ್ತು. ಆ ಹೊತ್ತಿಗೆ ವಸುಧಾ ಫೋನ್ ಮಾಡುತ್ತಿದ್ದಳು.

"ಅತ್ತಿಗೆ, ನಮ್ಮಮ್ಮ ನಿಮ್ಮೆದುರು ಮಂಡಿನೋವು ಅಂತ ನಾಟಕ ಆಡ್ತಾರೆ ನೋಡಿ. ನಾನು ಏಳೋ ಹೊತ್ತಿಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟಿರ್ತಾರೆ" ಎಂದು ನಗುತ್ತಾ ಫೋಟೋ ಕಳಿಸಿದಳು.

ಆ ಫೋಟೋವನ್ನು ಹಿಗ್ಗಿಸಿ ನೋಡಿದೆ. ಅದು ನನ್ನ ರಂಗೋಲಿ. ನನ್ನ ಎಂದರೆ ನನ್ನದೇ. ನಾನು ಎಡಚಿ. ಸಿಸ್ಟರ್‌ಗಳು ಬರೆಯುವುದನ್ನು ಬಲಗೈಗೆ ತಿದ್ದಿದರು, ಮದುವೆಯಾದ ಮೇಲೆ ಊಟ ಬಡಿಸುವುದನ್ನು ಅತ್ತೆ ತಿದ್ದಿದರು. ರಂಗೋಲಿ ಪುಡಿ ಮಾತ್ರ ಎಡಗೈಯಿಂದಲೇ ಬೀಳುತ್ತದೆ. ಹಾಗಾಗಿ ನನ್ನ ಬಳ್ಳಿಗಳು ಬೇರೆಯವರು ಹಾಕಿದವುಗಳ ಹಾಗೆ ತಿರುಗುವುದಿಲ್ಲ, ಉಲ್ಟಾ ಸುತ್ತಿಕೊಳ್ಳುತ್ತವೆ. ಬೀದಿಯಲ್ಲಿ ಯಾವ ಮನೆಯಲ್ಲೂ ಅಂಥ ರಂಗೋಲಿ ಇಲ್ಲ. ಫೋಟೋದಲ್ಲಿ ಬಳ್ಳಿಗಳೆಲ್ಲ ಉಲ್ಟಾ ಸುತ್ತಿದ್ದವು.

ನಮ್ಮ ಮನೆಯವರಿಗೆ ತೋರಿಸಿದೆ. "ನೀನು ಹೊರಡೋ ದಿನ ಹಾಕಿದ್ದೇ ಅಳಿಸದೆ ಹಾಗೇ ಇರಬೇಕು" ಎಂದರು. ಹೊರಡುವ ದಿನ ನಾನು ಹಾಕಿದ್ದು ತಾವರೆ. ಇದು ನಕ್ಷತ್ರ. ಆದರೂ ಸುಮ್ಮನಾದೆ. ಅಷ್ಟು ಖರ್ಚು ಮಾಡಿ ಕರೆದುಕೊಂಡು ಬಂದವರ ಮುಖ ಬಾಡಿಸುವುದು ಬೇಡವೆನ್ನಿಸಿತು.

ಆಮೇಲಿನ ದಿನಗಳ ಫೋಟೋಗಳಲ್ಲಿ ನಾನು ನಗುತ್ತಿದ್ದೇನೆ. ಹಿಂದೆ ನೀಲಿ ಸರೋವರವಿದೆ, ಅದರಾಚೆ ಹಿಮದ ಬೆಟ್ಟವಿದೆ. ಎಂಥ ಜಾಗ ಅದು! ಸಂಜೆಯ ಬಿಸಿಲು ಬಿದ್ದಾಗ ನೀರು ಉಸಿರು ಬಿಗಿಹಿಡಿದ ಹಾಗೆ ನಿಂತಿರುತ್ತದೆ. ಅಂಥ ಕಡೆ ನಿಂತು ಸಂತೋಷಪಡುವುದಕ್ಕಾಗಿಯೇ ಜೀವಮಾನವೆಲ್ಲ ಕಾದಿದ್ದೆ ನಾನು. ಮದುವೆಯಾದಾಗಿನಿಂದ ಕ್ಯಾಲೆಂಡರಿನ ಚಿತ್ರಗಳನ್ನು ಕತ್ತರಿಸಿ ಬೀರುವಿನ ಬಾಗಿಲ ಒಳಗೆ ಅಂಟಿಸಿಕೊಂಡವಳು. ಆದರೆ ಎದುರಿಗೆ ಅದು ಇದ್ದಾಗ ನನ್ನ ಗಮನವೆಲ್ಲ ಇನ್ನೊಂದು ಕಡೆ. ಈಗ ನಮ್ಮ ಅಡುಗೆಮನೆಯಲ್ಲಿ ಯಾರಿದ್ದಾರೆ?

ವಸುಧಾಳ ಮುಂದಿನ ಫೋನಿನಲ್ಲಿ ನಗು ಇರಲಿಲ್ಲ. ದನಿ ಇಳಿಸಿ ಮಾತಾಡಿದಳು.

"ಅತ್ತಿಗೆ, ಒಂದು ವಿಷಯ ಹೇಳ್ತೀನಿ, ಅಣ್ಣಂಗೆ ಹೇಳ್ಬೇಡಿ. ಅಮ್ಮ ಯಾರ ಜೊತೆಗೋ ಮಾತಾಡ್ತಾರೆ."

"ಯಾರ ಜೊತೆ?"

"ನಿಮ್ಮ ಜೊತೆ."

"ಏನಂತ ಮಾತಾಡ್ತಾರೆ?"

"ಬೈತಾರೆ, ಯಾವಾಗಿನ ಹಾಗೇ. ಸಾರಿಗೆ ಹುಣಸೆಹಣ್ಣು ಜಾಸ್ತಿ ಆಯ್ತು ಅಂತ. ಸಾರು ಮಾಡಿದ್ದು ನಾನು ಅತ್ತಿಗೆ, ಬೈಯೋದು ಅಡುಗೆಮನೆ ಬಾಗಿಲ ಕಡೆ ನೋಡ್ಕೊಂಡು. ಇನ್ನೊಂದು, ಆ ಬೆಂಚಿನ ಮೇಲಿನ ಲೋಟ ಎತ್ತೋಕೆ ಬಿಡ್ತಿಲ್ಲ. ದಿನಾ ನೀರು ಬದಲಾಯಿಸಿ ಅಲ್ಲೇ ಇಡು ಅಂತಾರೆ. ನಿನ್ನೆ ಏನಂದ್ರು ಗೊತ್ತಾ? ಎಷ್ಟು ದಿವಸ ಅಂತ ನಿಂತೇ ಇರ್ತೀಯ, ಕೂತ್ಕೋಬಾರ್ದಾ ಅಂದ್ರು."

ಬೇರೆ ಏನಾದರೂ ಮರೆತು ಮಾತಾಡುತ್ತಾರಾ ಎಂದು ಕೇಳಿದೆ. ಏನೂ ಇಲ್ಲವಂತೆ. ಗ್ಯಾಸ್ ಬುಕ್ ಮಾಡಿಸಿದ್ದಾರೆ, ಹಾಲಿನವನ ಲೆಕ್ಕ ತಪ್ಪಿದ್ದನ್ನು ಹಿಡಿದಿದ್ದಾರೆ. "ಅವರು ಸರಿಯಾಗೇ ಇದಾರೆ ಅತ್ತಿಗೆ, ಭಯ ನನಗೆ" ಎಂದಳು. ನಾನು ಅಷ್ಟು ದೂರದಲ್ಲಿ, ಒಣಗಿದ ಗಂಟಲು ಹೊತ್ತು, ಬಾಗಿಲು ತೆರೆಯದ ಹೋಟೆಲಿನ ಕೋಣೆಯಲ್ಲಿ ಕೂತಿದ್ದೆ. ಆ ಕ್ಷಣ ನನಗೆ ನಮ್ಮ ಮನೆಯಲ್ಲಿರುವುದು ಯಾರೆಂಬ ಭಯಕ್ಕಿಂತ ಇನ್ನೊಂದು ಭಯ ಹಿಡಿಯಿತು. ಅವಳು ಅಲ್ಲಿ ಅಷ್ಟು ಸರಿಯಾಗಿ ಇದ್ದಾಳೆ, ಬೈಸಿಕೊಳ್ಳುತ್ತಾಳೆ, ರಂಗೋಲಿ ಹಾಕುತ್ತಾಳೆ. ಹಾಗಾದರೆ ಇಲ್ಲಿ ಕೂತಿರುವವಳು ಊರಿಗೆ ಮುಟ್ಟುತ್ತಾಳಾ?

ಕೊನೆಗೆ ಎರಡು ದಿನ ಉಳಿದಿರುವಾಗ ನಮ್ಮನ್ನು ಒಂದು ಎತ್ತರದ ಹಿಮದ ಬೆಟ್ಟಕ್ಕೆ ಕರೆದುಕೊಂಡು ಹೋದರು. ಅದರ ಹೆಸರು ಇವತ್ತಿಗೂ ನನ್ನ ನಾಲಗೆಗೆ ಹೊರಳುವುದಿಲ್ಲ. ಕೇಬಲ್ ಕಾರಿನಲ್ಲಿ ಮೇಲೆ ಹೋಗಬೇಕು. ತುದಿಯಲ್ಲಿ ಒಂದು ಕಟ್ಟಡ, ಅದರ ಹೊರಗೆ ಹಿಮದ ಬಯಲು. ಬಯಲಿನ ಅಂಚಿಗೆ ಹಗ್ಗ ಕಟ್ಟಿದ್ದಾರೆ. ಹಗ್ಗದ ಆಚೆ ಕಾಲಿಡಬೇಡಿ, ಅಲ್ಲಿ ಹಿಮದ ಕೆಳಗೆ ನೆಲ ಇಲ್ಲ ಎಂದು ಶೆಟ್ಟರು ಎರಡೆರಡು ಸಲ ಹೇಳಿದರು.

ಮಧ್ಯಾಹ್ನದ ಹೊತ್ತು. ಬಿಸಿಲು ಕಣ್ಣು ಕುಕ್ಕುತ್ತಿತ್ತು. ನಮ್ಮವರೆಲ್ಲ ಮಕ್ಕಳ ಹಾಗೆ ಹಿಮದ ಉಂಡೆ ಎಸೆದಾಡುತ್ತಿದ್ದರು. ಶಾರದಕ್ಕ ಸೀರೆಯ ಮೇಲೆ ಗಂಡನ ಜರ್ಕಿನ್ ಹಾಕಿಕೊಂಡು ಹಿಮದಲ್ಲಿ ಕೂತುಬಿಟ್ಟು, ಎಬ್ಬಿಸಿ ಎಂದು ಕೈ ಚಾಚಿದ್ದರು. ನಾನೂ ನಮ್ಮ ಮನೆಯವರೂ ಸ್ವಲ್ಪ ದೂರ ನಡೆದೆವು. ಅವರು ನನ್ನ ಫೋಟೋ ತೆಗೆಯಲು ಹಿಂದೆ ಹಿಂದೆ ಹೋದರು. ಅಷ್ಟರಲ್ಲಿ ಕೆಳಗಿನಿಂದ ಮೋಡ ಎದ್ದು ಬಂತು.

ನಮ್ಮ ಕಡೆಯ ಮಂಜು ನೋಡಿದವರಿಗೆ ಅದು ಗೊತ್ತಾಗುವುದಿಲ್ಲ. ನಮ್ಮ ಮಂಜಿನಲ್ಲಿ ಹತ್ತಿರದ ಗಿಡವಾದರೂ ಕಾಣುತ್ತದೆ. ಅಲ್ಲಿ ಕೆಳಗೂ ಬಿಳಿ, ಮೇಲೂ ಬಿಳಿ, ನನ್ನ ಕೈ ಚಾಚಿದರೆ ಬೆರಳೂ ಬಿಳಿ. "ನೋಡ್ರೀ" ಎಂದು ಕೂಗಿದೆ. ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಬಂದ ಹೆಜ್ಜೆ ಹಿಡಿದು ವಾಪಸ್ ಹೋದರಾಯಿತು ಎಂದು ಬಗ್ಗಿ ನೋಡಿದೆ. ನಮ್ಮ ಮನೆಯವರ ಬೂಟಿನ ಗುರುತು ಆಳವಾಗಿ ಕಂಡಿತು. ಅದರ ಪಕ್ಕದಲ್ಲಿ ನನ್ನದು ಇರಬೇಕಿತ್ತು. ಇರಲಿಲ್ಲ. ಪಕ್ಕದ ಹಿಮ ಹಾಸಿಟ್ಟ ಹಾಸಿಗೆಯ ಹಾಗೆ ನುಣ್ಣಗಿತ್ತು. ಕಾಲು ಒತ್ತಿ ಇನ್ನೊಂದು ಹೆಜ್ಜೆ ಇಟ್ಟು ನೋಡಿದೆ. ಆಗಲೂ ಗುರುತು ಮೂಡಲಿಲ್ಲ.

ಆಗ ಆದ ಭಯವನ್ನು ಬರೆಯಲು ನನಗೆ ಬರುವುದಿಲ್ಲ. ಕೂಗಲೂ ಆಗಲಿಲ್ಲ. ಸುಮ್ಮನೆ ನಡೆದೆ, ಯಾವ ಕಡೆ ಎಂದು ತಿಳಿಯದೆ. ಮೈಯಲ್ಲಿ ಭಾರವೇ ಇರಲಿಲ್ಲ. ಗಂಟಲು ಮಾತ್ರ ಉರಿಯುತ್ತಿತ್ತು.

ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ವಸುಧಾಳ ವಿಡಿಯೋ ಕಾಲ್. ಊರಲ್ಲಿ ಆಗ ಅತ್ತೆಯ ಕಾಫಿ ಹೊತ್ತು. ಗ್ಲೌಸ್ ಕಿತ್ತು ಒತ್ತಿದೆ. ಚಿತ್ರ ತುಂಡು ತುಂಡಾಗಿ ಬಂತು.

"ಅತ್ತಿಗೆ, ಅಮ್ಮ ನಿಮಗೆ ಈಗಲೇ ಫೋನ್ ಹಚ್ಚು ಅಂತ ಹಟ ಹಿಡಿದಿದಾರೆ, ನೋಡಿ" ಎಂದು ವಸುಧಾ ಫೋನನ್ನು ಆ ಕಡೆ ತಿರುಗಿಸಿದಳು.

ನಮ್ಮ ಹಾಲ್ ಕಂಡಿತು. ಅತ್ತೆ ಕುರ್ಚಿಯಲ್ಲಿ ಎರಡೂ ಕೈ ಮಡಿಲಲ್ಲಿಟ್ಟು ಕೂತಿದ್ದರು. ಅವರ ಹಿಂದೆ ಅಡುಗೆಮನೆ ಬಾಗಿಲು, ಬಾಗಿಲ ಪಕ್ಕದಲ್ಲಿ ಬೆಂಚು, ಬೆಂಚಿನ ತುದಿಯಲ್ಲಿ ಲೋಟ. ಅತ್ತೆ ಫೋನಿನ ಕಡೆ ನೋಡಲೇ ಇಲ್ಲ. ಹಿಂದಕ್ಕೆ ಕತ್ತು ತಿರುಗಿಸಿ, ಮಕ್ಕಳಿಗೆ ಪಾಠ ಹೇಳಿದ ದನಿಯಲ್ಲಿ, "ಈಗ ಕೂತ್ಕೊಳ್ತೀಯೋ ಇಲ್ವೋ? ಬಂದು ಕುಡೀತೀನಿ ಅಂದಿದ್ಯಲ್ಲ. ಬಂದಿದೀಯ, ಕುಡಿ" ಎಂದರು.

ಚಿತ್ರ ನಿಂತುಹೋಯಿತು. ಮತ್ತೆ ಅಲುಗಿತು. ಬೆಂಚಿನ ಮೇಲೆ ಯಾರೋ ಕೂತಿದ್ದರು. ಬಾಗಿಲ ಮರೆಯಲ್ಲಿ ಮುಖ ಕಾಣಲಿಲ್ಲ. ಹಸಿರು ಸೀರೆಯ ಅಂಚು ಕಂಡಿತು, ನನ್ನ ಅಡುಗೆಮನೆಯ ಹಳೇ ಸೀರೆ, ಅರಿಶಿನದ ಕಲೆ ಇರುವ ಅಂಚು. ಒಂದು ಕೈ ಮುಂದೆ ಬಂದು ಲೋಟ ಎತ್ತಿತು. ಎಡಗೈ.

ಅಲ್ಲಿಗೆ ಫೋನ್ ಕಟ್ಟಾಯಿತು.

ಅದೇ ಹೊತ್ತಿಗೆ ನನ್ನ ಗಂಟಲಲ್ಲಿ ನೀರು ಇಳಿಯಿತು. ನಮ್ಮ ಮನೆಯ ನೀರು. ಫಿಲ್ಟರ್ ಇದ್ದರೂ ಅತ್ತೆ ಬಿಡದೆ ಕಾಯಿಸಿ ಆರಿಸುವ, ಸ್ವಲ್ಪ ತಾಮ್ರದ ವಾಸನೆ ಇರುವ ನೀರು. ಆ ರುಚಿ ನನಗೆ ತಪ್ಪುವುದಿಲ್ಲ. ಇಡೀ ಲೋಟದಷ್ಟು ನೀರು ಇಳಿದು ಎದೆ ತಂಪಾಯಿತು. ಮರುಕ್ಷಣವೇ ನನ್ನ ಎರಡೂ ಕಾಲು ಹಿಮದಲ್ಲಿ ಮಂಡಿಯವರೆಗೆ ಹೂತುಹೋದವು. ಮುಗ್ಗರಿಸಿ ಬಿದ್ದೆ. ಬಿದ್ದಲ್ಲೇ ಕೈಗೆ ಏನೋ ಸಿಕ್ಕಿತು. ಹಗ್ಗ. ಅದನ್ನು ಹಿಡಿದು ಕೂಗಿದೆ. ಈ ಸಲ ದನಿ ಹೊರಗೆ ಬಂತು.

ಮೋಡ ಸ್ವಲ್ಪ ತೆಳುವಾದ ಮೇಲೆ ನಮ್ಮ ಮನೆಯವರೂ ಶೆಟ್ಟರೂ ಓಡಿ ಬಂದರು. ಶೆಟ್ಟರ ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ಬಿದ್ದಿದ್ದುದು ಹಗ್ಗದ ಆಚೆ ಕಡೆ. ನಾನು ಬಿದ್ದ ಜಾಗದ ಸುತ್ತ ಎಲ್ಲೂ ಒಂದು ಹೆಜ್ಜೆಯ ಗುರುತೂ ಇರಲಿಲ್ಲವೆಂಬುದನ್ನು ಅವರೂ ನೋಡಿದರು. "ಗಾಳಿಗೆ ಮುಚ್ಚಿಹೋಗಿರ್ಬೇಕು ಅಮ್ಮ" ಎಂದರು. ಗಾಳಿ ಇರಲಿಲ್ಲ.

ಕೆಳಗೆ ಬಂದು ಬಸ್ಸಿನಲ್ಲಿ ತಲೆ ಎಣಿಸಿದಾಗ ಮೊದಲನೇ ಸಲಕ್ಕೇ ಲೆಕ್ಕ ಸರಿಹೋಯಿತು. ಹೋಟೆಲಿನ ಬಾಗಿಲು ನಾನು ಇನ್ನೂ ದೂರದಲ್ಲಿರುವಾಗಲೇ ತೆರೆದುಕೊಂಡಿತು. ನಾನು ಒಳಗೆ ಹೋಗಲು ಹೆದರಿ ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ಮನೆ ತಲುಪಿದಾಗ ಅತ್ತೆ ಬಾಗಿಲಿಗೇ ಬಂದಿದ್ದರು. ಮಗನನ್ನು ಒಳಗೆ ಬಿಟ್ಟು ನನ್ನನ್ನು ಹೊಸಿಲಾಚೆ ನಿಲ್ಲಿಸಿಕೊಂಡು, ನೆತ್ತಿಯಿಂದ ಕಾಲಿನವರೆಗೆ ನೋಡಿದರು. "ಬಂದ್ಯಾ" ಎಂದರು. ಬಂದೆ ಅತ್ತೆ ಎಂದೆ. ವಸುಧಾ ನೀರು ತಂದಳು. ಪ್ರಯಾಣ ಮಾಡಿ ಬಂದಿದ್ದರೂ ನನಗೆ ಬೇಕೆನ್ನಿಸಲಿಲ್ಲ, ಬಾಯಾರಿಕೆ ಇಲ್ಲ ಎಂದೆ.

"ಹೇಗಿರತ್ತೆ? ಆಗ್ಲೇ ಕುಡಿದ್ಯಲ್ಲ" ಎಂದು ಅತ್ತೆ ಒಳಗೆ ಹೋದರು.

ವಸುಧಾಳನ್ನು ಹಿತ್ತಿಲಿಗೆ ಕರೆದು ಕೇಳಿದೆ. ಫೋನ್ ಹಿಡಿದಿದ್ದ ಅವಳಿಗೆ ಬೆಂಚಿನ ಮೇಲೆ ಯಾರೂ ಕಂಡಿರಲಿಲ್ಲ. ಕಟ್ಟಾದ ಮೇಲೆ ನೋಡಿದರೆ ಲೋಟ ಖಾಲಿಯಾಗಿ ಬೋರಲು ಮಲಗಿತ್ತಂತೆ. ಅಮ್ಮ ಎದ್ದೇ ಇರಲಿಲ್ಲ ಎಂದಳು. ಅಡುಗೆಮನೆಯ ಹಸಿರು ಸೀರೆ ನಾನು ಮಡಿಸಿಟ್ಟ ಹಾಗೇ ಬೀರುವಿನಲ್ಲಿತ್ತು. ಆದರೆ ಅದರ ಅಂಚಿನಲ್ಲಿ ರಂಗೋಲಿ ಪುಡಿ ಮೆತ್ತಿತ್ತು. ಅದು ಮೊದಲೇ ಇತ್ತೋ ಏನೋ, ನನಗೆ ಗೊತ್ತಿಲ್ಲ. ಸಂಜೆಯೊಳಗೆ ವಸುಧಾ ಬಸ್ಸು ಹತ್ತಿ ಓಲ್ಡ್ ಟೌನಿಗೆ ಹೊರಟುಹೋದಳು. ಆಮೇಲೆ ಅವಳು ನಮ್ಮ ಮನೆಯಲ್ಲಿ ಒಬ್ಬಳೇ ಉಳಿದಿಲ್ಲ.

ಮಾರನೆಯ ದಿನ ಮಧ್ಯಾಹ್ನ, ಅತ್ತೆಗೆ ಕಾಫಿ ಕೊಟ್ಟು ಅವರೆದುರಿಗೇ ಕೂತು ಕೇಳಿದೆ. ಅವರು ಮುಚ್ಚಿಡಲೂ ಇಲ್ಲ, ದೊಡ್ಡದು ಮಾಡಲೂ ಇಲ್ಲ.

"ನೀನು ಚಟ್ನಿಪುಡಿಗೆ ಅಂತ ಬಂದೆ. ಚೀಲ ತಗೊಂಡು ಒಬ್ಬಳು ಹೋದ್ಲು. ಒಬ್ಬಳು ಅಡುಗೆಮನೆ ಬಾಗಿಲಲ್ಲೇ ನಿಂತ್ಲು. ಕೂತ್ಕೋ ಅಂದ್ರೆ ಕೂರಲಿಲ್ಲ. ಕೆಲಸ ಮಾಡ್ಕೊಂಡು ನಿಂತೇ ಇದ್ಲು. ಫೋನ್ ಹಚ್ಚಿಸಿದ ದಿವಸ ಅವಳ ಮುಖ ನೋಡಿದ್ರೆ ನೀನು ಅಲ್ಲೇನೋ ಆಗೋ ಹಾಗಿದೀಯ ಅನ್ನಿಸ್ತು. ಗದರಿಸಿ ಕೂರಿಸಿದೆ. ಕುಡಿದ್ಲು."

"ಆಮೇಲೆ?"

"ಆಮೇಲೆ ಎದ್ದು ಹೊರಟ್ಲು."

"ಎಲ್ಲಿಗೆ ಅತ್ತೆ?"

ಅತ್ತೆ ಲೋಟ ಕೆಳಗಿಟ್ಟು, ಇಷ್ಟು ವರ್ಷವಾದರೂ ಕಲಿಯಲಿಲ್ಲವಲ್ಲ ಎಂಬಂತೆ ನನ್ನನ್ನು ನೋಡಿದರು. "ಹೊರಟೋರನ್ನ ಎಲ್ಲಿಗೆ ಅಂತ ಕೇಳ್ತಾರೇನೇ ಮಾರಾಯ್ತಿ? ಹೋಗಿ ಬರ್ತೀನಿ ಅತ್ತೆ ಅಂದ್ಲು. ಸರಿ, ಹೋಗಿ ಬಾ ಅಂದೆ."

ಅತ್ತೆ ತೀರಿಕೊಂಡು ಈಗ ವರ್ಷದ ಮೇಲಾಯಿತು. ಕೊನೆಯ ದಿನದವರೆಗೂ ಬುದ್ಧಿ ಚುರುಕಾಗಿಯೇ ಇತ್ತು. ಆ ವಿಷಯ ಮಾತ್ರ ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದೆ, ಸಕ್ಕರೆ ಕಾಯಿಲೆ ಇರಲಿಲ್ಲ. ನಮ್ಮ ಮನೆಯವರು ಈ ವರ್ಷ ಇನ್ನೊಂದು ದೇಶಕ್ಕೆ ಹೋಗೋಣ ಎನ್ನುತ್ತಿದ್ದಾರೆ. ಮಂಡಿನೋವು ಎಂದು ಮುಂದೂಡುತ್ತಿದ್ದೇನೆ. ಬೀರುವಿನ ಬಾಗಿಲಲ್ಲಿ ಆ ಚಿತ್ರಗಳು ಇನ್ನೂ ಇವೆ. ಅವುಗಳ ಮೇಲಿನ ಆಸೆ ನನಗೆ ಹೋಗಿಲ್ಲ.

ಅವಳು ಆಡಿದ 'ಬರ್ತೀನಿ' ನಾನು ಬಂದದ್ದರಲ್ಲಿ ಮುಗಿಯಿತೋ, ಇನ್ನೂ ಬರುವುದು ಬಾಕಿ ಇದೆಯೋ, ಇದೊಂದು ನನಗೆ ತಿಳಿಯದು. ಮುಗಿದಿದೆ ಎಂದು ಹಗಲು ಹೊತ್ತು ನಂಬುತ್ತೇನೆ. ಬೆಳಿಗ್ಗೆ ಎದ್ದು ಮುಂಬಾಗಿಲ ಚಿಲಕಕ್ಕೆ ಕೈ ಹಾಕಿದಾಗ ಮಾತ್ರ ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತೇನೆ. ಹೊರಗೆ ಯಾರಾದರೂ ಆಗಲೇ ನೀರು ಹಾಕಿದ ಸದ್ದು ಕೇಳುತ್ತದೆಯೇ ಎಂದು ಕಿವಿಗೊಟ್ಟು, ಆಮೇಲೆ ತೆಗೆಯುತ್ತೇನೆ. ಇವತ್ತಿನವರೆಗೆ ಅಂಗಳ ಒಣಗಿಯೇ ಇದೆ.